ಒಪ್ಪಿಗೆಯ ಇಂಗ್ಲಿಷು

ತರನ್ನುಮಳಿಗೂ ಸೆಕ್ರೆಟರಿ ವಿಶ್ವರಾಧ್ಯರಿಗೂ ಹತ್ತಿದ ಜಗಳಕ್ಕೆ ಮೂಲ ಒಂದು ‘ಓಕೆ’. ನಗಬೇಡಿ. ಅದಕ್ಕಿಂತ ಸಣ್ಣ ಮಾತಿಗೆ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡದ್ದುಂಟು.

ಶಹಾಪುರದ ಆ ಇಂಗ್ಲಿಷ್ ಮೀಡಿಯಂ ಶಾಲೆಗೆ ಅವಳು ಇಂಗ್ಲಿಷ್ ಟೀಚರಾಗಿ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಶನಿವಾರವೂ ಪೂರ್ತಿ ದಿನ ಶಾಲೆ ಇರುತ್ತದೆಂದು ಸೆಕ್ರೆಟರಿಯವರು ಸಿಬ್ಬಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತರನ್ನುಮ ಹಿಟ್ಟಿನ ಬೆರಳಲ್ಲೇ ‘ಓಕೆ’ ಎಂದು ಒತ್ತಿ ಮತ್ತೆ ರೊಟ್ಟಿಗೆ ತಿರುಗಿದಳು. ಮರುದಿನ ಬೆಳಗ್ಗೆ ಚೇಂಬರಿನಿಂದ ಕರೆ ಬಂತು.

“ಓಕೆ ಅಂದ್ರ ಏನ್ರೀ ಮೇಡಂ?” ವಿಶ್ವರಾಧ್ಯರು ಕೂತಲ್ಲಿಂದ ಕತ್ತೆತ್ತದೆ ಕೇಳಿದರು. “ನಾ ಏನ್ ಆಟೋದವನೇನು? ಬಸ್‌ಸ್ಟ್ಯಾಂಡಿಗಿ ಬರ್ತೀಯೇನಪಾ ಅಂದ್ರ ಓಕೆ ಅನ್ನಾಕ? ದೊಡ್ಡವರಿಗಿ ಹ್ಯಾಂಗ ಹೂಂ ಅನ್ಬೇಕು ಅನ್ನೋದು ನಿಮಗ ಬಿ.ಎಡ್.ದಾಗ ಕಲಿಸಿಲ್ಲೇನು?”

ಅವಳು ನಾಲಗೆ ಕಚ್ಚಿಕೊಂಡಳು. ಕಲಿಸಿದ್ದು ಬಿ.ಎಡ್. ಅಲ್ಲ, ತಾಯಿ ಅನ್ವರಬಿ. ಚಿಕ್ಕಂದಿನಲ್ಲಿ ಅಪ್ಪ ಸುಲ್ತಾನಸಾಬ ಹೊಲಿಗೆ ಮಷೀನಿನ ಮುಂದಿನಿಂದ ಕೂಗಿದಾಗ ಅವಳು ‘ಹೌ’ ಎಂದರೆ ಸಾಕು, ಅನ್ವರಬಿ ಕೈಯಲ್ಲಿದ್ದ ಸೌಟಿನಿಂದಲೇ ಮೊಣಕೈಗೆ ಒಂದು ಬಿಡುತ್ತಿದ್ದಳು. “ಹೌ ನಕ್ಕೊ ಬೋಲ್, ಜೀ ಬೋಲ್!” ಓರಗೆಯವರಿಗೆ ಹೌ, ಹಿರಿಯರಿಗೆ ಜೀ. ಓಣಿಯ ಕನ್ನಡದಲ್ಲೂ ಅದೇ ಲೆಕ್ಕ. ಗೆಳತಿಗೆ ಹೂಂ, ಗೆಳತಿಯ ಅವ್ವನಿಗೆ ಹೌದ್ರಿ. ಆದರೆ ಆ ಜೀ, ಆ ಹೌದ್ರಿ ಬಾಯಿಂದ ತಾವಾಗಿ ಬರುತ್ತಿದ್ದವು. ಈ ಮನುಷ್ಯ ಮೇಜು ಬಡಿದು ಕೇಳುತ್ತಿದ್ದಾನೆ. ಬಡಿದು ಕೇಳಿ ಪಡೆಯುವುದು ಮರ್ಯಾದೆಯಲ್ಲ, ಮಾಮೂಲು. ತರನ್ನುಮಳಿಗೆ ಅಂದೇ ಅವರ ಮುಖ ಕಂಡರಾಗದಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಬೇರೆ. ಸಿಬ್ಬಂದಿಗೆಲ್ಲ ಒಪ್ಪಿಗೆ ಹೇಳುವುದನ್ನು ಕಲಿಸಬೇಕೆಂದು ಅವಳಿಗೇ ಹುಕುಂ ಆಯಿತು. ಶನಿವಾರ ಮಕ್ಕಳು ಹೋದ ಮೇಲೆ ಅವಳು ಬೋರ್ಡಿನ ನಡುವೆ ಗೀಟು ಎಳೆದು ಎಡಕ್ಕೆ ಓಕೆ, ಯಾ, ಶೂರ್, ಡನ್ ಎಂದು ಬರೆದಳು. ಇವು ಓರಗೆಯವರಿಗೆ. ಬಲಕ್ಕೆ ‘ಯೆಸ್ ಸರ್’, ‘ಇಟ್ ಶಲ್ ಬಿ ಡನ್ ಸರ್’, ‘ಐ ಎಂಟೈರ್‌ಲಿ ಅಗ್ರೀ ವಿತ್ ಯೂ ಸರ್’. ಇವು ಮೇಲಿನವರಿಗೆ. ಪಿ.ಟಿ. ಮಾಸ್ತರ ಗುರಣ್ಣ ಆಕಳಿಸಿ ಎದ್ದು ನಿಂತ.

“ಮೇಡಂ, ಇಷ್ಟೆಲ್ಲ ನಮ್ಮ ತಲ್ಯಾಗ ಕುಂದ್ರಂಗಿಲ್ರಿ. ಸಾಹೇಬ್ರ ಮೆಸೇಜು ಬಂದಕೂಡಲೆ ನೀವು ಮೊದಲ ಹಾಕಿಬಿಡ್ರಿ. ನಾವು ಅದನ್ನೇ ಹಿಡದು ಒತ್ತಿಬಿಡ್ತೀವಿ.”

ಎಲ್ಲರೂ ನಕ್ಕರು. ಅಂದಿನಿಂದ ಅದೇ ಪದ್ಧತಿಯಾಯಿತು. ಸೆಕ್ರೆಟರಿಯವರ ಮೆಸೇಜು ಬಿದ್ದರೆ ಗ್ರೂಪು ಉಸಿರು ಹಿಡಿದು ಕೂರುತ್ತಿತ್ತು. ತರನ್ನುಮ ಒಂದು ಸಾಲು ಹಾಕಿದ್ದೇ ತಡ, ಗುರಣ್ಣ, ಗಣಿತದ ಗಯಾಸ, ಕನ್ನಡದ ದೇವಕಮ್ಮ, ಅವರ ಹಿಂದೆ ಉಳಿದವರೆಲ್ಲ ಅದೇ ಸಾಲನ್ನು ಕಾಪಿ ಹೊಡೆದು ಹಾಕುತ್ತಿದ್ದರು. ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಓದುವ ಗೋಜು ಯಾರಿಗೆ ಬೇಕಿತ್ತು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ವಿಶ್ವರಾಧ್ಯರು ಮಾತ್ರ ಚೇಂಬರಿನಲ್ಲಿ ಕೂತು, ಸಾಲು ಸಾಲಾಗಿ ಬೀಳುವ ‘ಎಂಟೈರ್‌ಲಿ ಅಗ್ರೀ’ಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಕಾಪಿ ಹೊಡೆಯದವಳು ಒಬ್ಬಳೇ, ಸೂಪರ್‌ವೈಸರ್ ರಾಧಿಕಾ. ಸುರಪುರದಿಂದ ದಿನಾ ಬಸ್ಸಿಗೆ ಬರುವವಳು, ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ತರನ್ನುಮ ಬರುವವರೆಗೆ ಆ ಶಾಲೆಯ ಇಂಗ್ಲಿಷ್ ಅಂದರೆ ಅವಳೇ. ಆ ಸ್ಥಾನ ಹೋದ ಉರಿಯನ್ನು ಅವಳು ಮುಚ್ಚಿಟ್ಟುಕೊಂಡವಳಲ್ಲ. “ಟೇಲರ್ ಮಗಳ ಇಂಗ್ಲಿಷು ನೋಡ್ರಿ, ಬರೇ ಮಷೀನ್ ಹೊಲಿಗಿ,” ಎಂದು ಸ್ಟಾಫ್‌ರೂಮಿನಲ್ಲಿ, ತರನ್ನುಮಳಿಗೆ ಕೇಳುವಂತೆಯೇ ಅನ್ನುತ್ತಿದ್ದಳು. ಎಲ್ಲರ ಒಪ್ಪಿಗೆ ಬಿದ್ದ ಮೇಲೆ ಇವಳದೊಂದು ಬೇರೆಯೇ, ಒಂದು ಮೆಟ್ಟಿಲು ಎತ್ತರದ ಒಪ್ಪಿಗೆ ಬೀಳುತ್ತಿತ್ತು. ಇವರಿಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತು ಬೆನ್ನು ತಿರುಗಿಸಿ ಊಟ ಮಾಡುವುದನ್ನು ಮಕ್ಕಳೂ ನೋಡಿ ಆಡಿಕೊಳ್ಳುತ್ತಿದ್ದರು.

ಇನ್ನು ಆಯಾ ಸಾಯಬಮ್ಮ. ಭೀಮಾ ನದಿ ದಂಡೆಯ ಮೀನುಗಾರರ ಮನೆಯವಳು, ಗಂಡ ತೀರಿದ ಮೇಲೆ ಶಹಾಪುರಕ್ಕೆ ಬಂದು ಈ ಶಾಲೆ ಹಿಡಿದವಳು. ತರನ್ನುಮಳಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. “ಬೆಲ್ ಹೊಡದಿಂದ ಬರ್ತೀರಿ. ನಿಮ್ ಕ್ಲಾಸಿನ ಮಂಗ್ಯಾಗೋಳನ್ನ ಅಲ್ಲೀತನಕ ನಾ ಹಿಡಕೊಂಡು ನಿಂದರಬೇಕೇನ್ರಿ?” ಎಂದು ಎಲ್ಲರೆದುರು ಬಾಯಿ ಮಾಡುವವಳು. ಇವಳ ಮೇಲೆ ತರನ್ನುಮಳಿಗೆ ಕರುಣೆ ಉಕ್ಕಿತ್ತೆಂದು ಯಾರೂ ತಿಳಿಯಬಾರದು. ಇರಲಿಲ್ಲ.

ಹೀಗೇ ಎರಡು ವರ್ಷ ಕಳೆದ ಮೇಲೆ, ಮಾರ್ಚ್ ತಿಂಗಳ ಬಿಸಿಲಿನ ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ತರನ್ನುಮಳ ಡ್ಯೂಟಿ ಇತ್ತು. ವ್ಯಾನ್ ಡ್ರೈವರ್ ತಿರುಪತಿಗೆ ವಿಶ್ವರಾಧ್ಯರ ಫೋನು ಬಂತು. “ಹೂಂರಿ ಸಾಹೇಬ್ರ, ಯಾದಗಿರಿ ಸ್ಟೇಷನ್ನಿಗಿ ಹೊಂಟೆನ್ರಿ. ನಿಮ್ಮ ಬೀಗರು ಯಾವ ಡಬ್ಬಿಯಾಗ ಅದಾರ್ರಿ?” ಎಂದವನೇ ಖಾಲಿ ವ್ಯಾನು ತಿರುಗಿಸಿಕೊಂಡು ಹೋದ. ಸ್ಟಾಫ್‌ರೂಮಿನ ಕಿಟಕಿಯಿಂದ ಎಲ್ಲರೂ ನೋಡಿದರು. ರಾಧಿಕಾ ಒಬ್ಬಳು ಅಂದು ರಜೆಯಲ್ಲಿದ್ದಳು. ಹಳ್ಳಿಯ ಮಕ್ಕಳು ನೆರಳಿಲ್ಲದ ಗೇಟಿನಲ್ಲಿ ವ್ಯಾನಿಗಾಗಿ ಕಾದವು, ಕಾದೇ ಕಾದವು. ಸಾಯಬಮ್ಮ ತನ್ನ ಸೆರಗು ಬಿಚ್ಚಿ ಚಿಕ್ಕವುಗಳ ತಲೆಯ ಮೇಲೆ ಹಿಡಿದು ನಿಂತಳು. ಸೆರಗು ಎಷ್ಟು ಮಂದಿಗೆ ಸಾಲುತ್ತದೆ? ಒಂದನೇ ಕ್ಲಾಸಿನ ಗುಡ್ಡಿ ನಿಂತಲ್ಲೇ ಕುಸಿದು ಬಿದ್ದಳು. ಸಾಯಬಮ್ಮನೇ ಅವಳನ್ನು ಹೆಗಲಿಗೆ ಹಾಕಿಕೊಂಡು ಆಟೋ ಹಿಡಿದು ದವಾಖಾನೆಗೆ ಓಡಿದಳು.

ಮಗು ಸಂಜೆಗೆ ಚೇತರಿಸಿಕೊಂಡಿತು. ಆದರೆ ಗುಡ್ಡಿಯ ಅಪ್ಪ ಶರೀಫಸಾಬ ಮರುದಿನ ಗೇಟಿಗೆ ಬಂದು, ಯಾರ ತಪ್ಪು ಅನ್ನೋದು ಹೇಳಿ, ಇಲ್ಲವಾದರೆ ಮೇಲಿನವರಿಗೆ ಅರ್ಜಿ ಕೊಡುತ್ತೇನೆ ಎಂದು ಕೂಗಾಡಿ ಹೋದ. ತಪ್ಪಿಗೆ ಒಂದು ತಲೆ ಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಂದು ಸಂಜೆ, ಮಗ್ರಿಬ್ ನಮಾಜು ಮುಗಿದ ಹೊತ್ತಿಗೆ, ಗ್ರೂಪಿನಲ್ಲಿ ವಿಶ್ವರಾಧ್ಯರ ಉದ್ದನೆಯ ಇಂಗ್ಲಿಷ್ ಬಿತ್ತು. ಆಯಾ ಸಾಯಬಮ್ಮನ ಘೋರ ನಿರ್ಲಕ್ಷ್ಯದಿಂದ ಮಗುವಿನ ಜೀವಕ್ಕೆ ಅಪಾಯ ಬಂದಿದೆ. ಅವಳನ್ನು ಕೆಲಸದಿಂದ ತೆಗೆಯಲಾಗುವುದು. ಸಿಬ್ಬಂದಿಯೆಲ್ಲ ತಮ್ಮ ಒಪ್ಪಿಗೆಯನ್ನು ಈಗಲೇ ಇಲ್ಲಿ ತಿಳಿಸಬೇಕು. ಇಡೀ ಸ್ಟಾಫು ಒಪ್ಪಿದೆ ಎಂದು ಶರೀಫಸಾಬನಿಗೆ ತೋರಿಸಬೇಕಾಗಿತ್ತು.

ತರನ್ನುಮ ಎರಡು ಸಲ ಓದಿದಳು. ಮೈಯೆಲ್ಲ ಉರಿಯಿತು. ಸಾಯಬಮ್ಮನ ಬಾಯಿ ಕೆಟ್ಟದ್ದಿರಬಹುದು, ಕೆಲಸ ಕೆಟ್ಟದ್ದಲ್ಲ. ಈ ಹೆಸರು ಹೊತ್ತುಕೊಂಡು ಹೋದರೆ ಊರಿನ ಯಾವ ಶಾಲೆಯೂ ಅವಳನ್ನು ಗೇಟಿನೊಳಗೆ ಬಿಡುವುದಿಲ್ಲ. ಇದಕ್ಕೂ ‘ಎಂಟೈರ್‌ಲಿ ಅಗ್ರೀ’ ಅನ್ನಬೇಕೆ? ಅವಳಿಗೆ ‘ನೋ’ ಎಂದು ಎರಡಕ್ಷರ ಒತ್ತಿ ಒಗೆಯಬೇಕೆನಿಸಿತು. ಆಮೇಲೆ ಬೇರೆ ಬುದ್ಧಿ ಬಂತು. ಮರ್ಯಾದೆ ಬೇಕಲ್ಲ ನಿನಗೆ? ತಗೊ. ಬೋರ್ಡಿನ ಬಲಗಡೆಯ ಮಾತುಗಳನ್ನೆಲ್ಲ ಸುರುವಿ ಬರೆದಳು. ಮಾನ್ಯ ಸರ್, ತಮ್ಮ ಬಗ್ಗೆಯೂ ಸಂಸ್ಥೆಯ ಬಗ್ಗೆಯೂ ಅತ್ಯುನ್ನತ ಗೌರವವನ್ನಿಟ್ಟುಕೊಂಡು, ವಿಷಯವನ್ನು ಕೂಲಂಕಷವಾಗಿ ಯೋಚಿಸಿದ ಮೇಲೆ, ನಾನು ಗೇಟಿನ ಡ್ಯೂಟಿಯಲ್ಲಿ ಕಣ್ಣಾರೆ ಕಂಡದ್ದನ್ನು ನೆನೆದು, ವಿನಮ್ರವಾಗಿ ತಿಳಿಸುವುದೇನೆಂದರೆ... ಕೊನೆಗೆ ‘ಐ ಆಮ್ ಅನೇಬಲ್ ಟು ಅಗ್ರೀ’. ನಾನು ಒಪ್ಪಲಾರೆ. ಕಳಿಸಿ, ಫೋನನ್ನು ಹಾಸಿಗೆಯ ಮೇಲೆ ಎಸೆದಳು.

ಅವಳು ಬರೆದದ್ದು ತನ್ನೊಬ್ಬಳ ಸಲುವಾಗಿ. ನಾಳೆ ಕೆಲಸ ಹೋದರೆ ತನ್ನದು ಹೋಗಲಿ ಎಂದು. ಆದರೆ ಫೋನು ‘ಟಿಣ್’ ಎಂದಿತು. ಗುರಣ್ಣ. ಮಾನ್ಯ ಸರ್‌ನಿಂದ ಹಿಡಿದು ಕೊನೆಯವರೆಗೆ ಅವಳ ಸಾಲೇ, ‘ಗೇಟಿನ ಡ್ಯೂಟಿಯಲ್ಲಿ ಕಣ್ಣಾರೆ ಕಂಡದ್ದು’ ಸಮೇತ. ಅವಳು ಬಾಯಿಗೆ ಕೈ ಹಿಡಿದಳು. ಮತ್ತೆ ಟಿಣ್. ಗಯಾಸ. ‘ಓದಿ ನೋಡ್ರಿ, ಕಾಪಿ ಮಾಡಬ್ಯಾಡ್ರಿ’ ಎಂದು ಅವಳು ಅರ್ಧ ಬರೆದಳು. ಬೆರಳು ನಿಂತಿತು. ಒಬ್ಬ ಹೆಂಗಸಿನ ಅನ್ನ ಕಸಿಯುವ ಮಾತಿಗೂ ಇವರು ಓದದೆ ಹೂಂ ಅನ್ನುತ್ತಾರೆ ಅಂದರೆ, ಅನ್ನಲಿ. ಬೀಳಲಿ. ಬರೆದದ್ದನ್ನು ಅಳಿಸಿದಳು. ಟಿಣ್, ಟಿಣ್, ಟಿಣ್. ಒಳಗೆ ಅನ್ವರಬಿ, “ಕಿಸ್ಕಾ ಫೋನ್ ಹೈ ಗೇ, ಇತ್ತಾ ಬಜ್ರಾ?” ಎಂದು ಇಷ್ಟೊಂದು ಬಾರಿಸುವ ಫೋನು ಯಾರದೆಂದು ಗೊಣಗಿದಳು. ತರನ್ನುಮಳಿಗೆ ನಗುವೂ ಬಂತು, ಭಯವೂ ಆಯಿತು.

ಕಡೆಗೆ ಬಿದ್ದದ್ದು ರಾಧಿಕಾಳದು, ಎಂದಿನ ಬಿಂಕ ಬಿಟ್ಟು ಎರಡೇ ಪದ: ‘ಅಗ್ರೀಡ್ ಸರ್’. ಅದರ ಹಿಂದೆಯೇ ಫೋನು.

“ಎಂಥಾ ನೀಚ ಕೆಲಸ ಮಾಡೀದಿ ಗೊತ್ತದ ಏನು ನಿನಗ? ಎಲ್ಲಾರ ಕುತ್ತಿಗಿಗಿ ಹಗ್ಗ ಹಾಕೀದಿ.”

“ನಾ ಹಾಕಿಲ್ರಿ. ಅವರೇ ಹಾಕ್ಕೊಂಡಾರ. ನೀವು ಓದಿದ್ರಲ್ಲ, ನೀವರ ಹೇಳಬೇಕಾಗಿತ್ತು ಅವರಿಗಿ.”

“ಓದಲಾರದ ಮಂದಿಗಿ ನಾ ಯಾಕ ಹೇಳ್ಲಿ? ನಾ ಓದಿ, ತಿಳಕೊಂಡು ಹಾಕೀನಿ,” ಎಂದು ರಾಧಿಕಾ ಫೋನು ಕುಕ್ಕಿದಳು.

ಮರುದಿನ ಪ್ರಾರ್ಥನೆ ಮುಗಿಯುತ್ತಲೇ ಸ್ಟಾಫ್‌ರೂಮಿನಲ್ಲಿ ಮೀಟಿಂಗು. ಅಷ್ಟರಲ್ಲಿ ಯಾರೋ ಓದಿ ನೋಡಿದ್ದರು, ಸುದ್ದಿ ಎಲ್ಲರಿಗೂ ಮುಟ್ಟಿತ್ತು. ತರನ್ನುಮ ಬಂದು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರು. ದೇವಕಮ್ಮ ಅವಳ ಮುಖ ನೋಡದೆ, “ಹಾವಿಗಿ ಹಾಲೆರದಂಗಾತು,” ಎಂದಳು. ವಿಶ್ವರಾಧ್ಯರು ಬಂದರು. ಸಾಯಬಮ್ಮನನ್ನೂ ಕರೆಸಿ ಬಾಗಿಲಲ್ಲಿ ನಿಲ್ಲಿಸಿದರು. ತನ್ನ ಮೇಲಿನ ತೀರ್ಪನ್ನು ಅವಳೂ ಕೇಳಲಿ ಎಂದು.

“ಗುರಣ್ಣ, ನಿನ್ನಿ ಹಾಕಿದ್ದು ಓದಿ ಹಾಕೀರೋ, ಓದಲಾರದೆ ಹಾಕೀರೋ?”

ಗುರಣ್ಣನ ಗಂಟಲಲ್ಲಿ ಬಿಸಿತುಪ್ಪ. ಓದಿದೆ ಅಂದರೆ ಸಾಹೇಬರಿಗೆ ಎದುರು ಬಿದ್ದಂತೆ. ಓದಿಲ್ಲ ಅಂದರೆ ಎರಡು ವರ್ಷ ಅಂದ ಹೌದು ಸರ್‌ಗಳೂ ಓದದೇ ಅಂದವು ಎಂದಂತೆ. ಕೊನೆಗೆ ಹೊಟ್ಟೆಪಾಡು ಗೆದ್ದಿತು. “ಓದಿಲ್ರಿ ಸರ್. ಈಕಿ ಹಾಕಿದಳು, ನಾನೂ ಹಾಕಿದೆ.” ನಾನೂ ಓದಿಲ್ರಿ, ನಾನೂ ಓದಿಲ್ರಿ ಎಂದು ಸಾಲು ಮುಂದುವರಿಯಿತು. ಬಾಯಲ್ಲೂ ಕಾಪಿಯೇ. ವಿಶ್ವರಾಧ್ಯರ ಮುಖ ಒಂದು ಗಳಿಗೆ ಸಣ್ಣದಾಯಿತು. ಎರಡು ವರ್ಷ ಮೆರೆಸಿದ ಹೊಗಳಿಕೆಯೆಲ್ಲ ಜೊಳ್ಳೆಂದು ಅವರಿಗೂ ತಿಳಿಯಿತಲ್ಲ. ಆದರೂ ಸಾವರಿಸಿಕೊಂಡು ಗಂಟಲು ಸರಿಮಾಡಿಕೊಂಡರು.

“ಆತು. ಇಂಗ್ಲಿಷಿನ ಗೊಡವಿ ಬ್ಯಾಡ ಇನ್ನ. ಕನ್ನಡದಾಗ ಅನ್ರಿ. ತಪ್ಪು ಸಾಯಬಮ್ಮಂದು, ನಾವು ಒಪ್ತೀವಿ ಅಂತ. ಒಬ್ಬೊಬ್ಬರೇ ಎದ್ದು ಅನ್ರಿ.”

ವಿಶ್ವರಾಧ್ಯರು ಎಡವಿದ್ದು ಅಲ್ಲಿ. ಗುರಣ್ಣ ಎದ್ದ. “ತಪ್ಪು...” ಎಂದ. ಬಾಗಿಲಲ್ಲಿ ಸಾಯಬಮ್ಮ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಪಿಳುಕಿಸದೆ. ಫೋನಿನಲ್ಲಾದರೆ ಇಂಗ್ಲಿಷಿನ ಪರದೆ ಇತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ, ಬೆರಳೊಂದು ಒತ್ತಿದರೆ ಆಗುತ್ತಿತ್ತು.

“ಅನ್ರಿ ಸರ್ರ, ನನ್ನ ಮಾರಿ ನೋಡಿ ಅನ್ರಿ,” ಎಂದಳು ಸಾಯಬಮ್ಮ. “ಅವತ್ತು ವ್ಯಾನ್ ಎಲ್ಲಿಗಿ ಹೋಗಿತ್ತು ಅನ್ನೋದು ನಿಮಗ ಗೊತ್ತಿಲ್ಲೇನು? ಕಿಟಕ್ಯಾಗ ನಿಂತು ನೋಡಿದವರು ನೀವೇ ಅಲ್ಲೇನು?”

ಗುರಣ್ಣ ಕೂತುಬಿಟ್ಟ. ದೇವಕಮ್ಮ ಎದ್ದವಳು ಕನ್ನಡಕ ಒರೆಸಿಕೊಂಡು ಹಾಗೇ ಕೂತಳು. ಗಯಾಸ ನೆಲ ನೋಡುತ್ತ, “ವ್ಯಾನ್ ಇದ್ದಿದ್ರ ಕೂಸು ಬೀಳ್ತಿರಲಿಲ್ರಿ ಸರ್,” ಎಂದು ತನಗೇ ಹೇಳಿಕೊಂಡಂತೆ ಹೇಳಿದ. ಮತ್ತೆ ಯಾರೂ ಏಳಲಿಲ್ಲ.

“ರಾಧಿಕಾ ಮೇಡಂ, ನೀವು ಓದಿ ಒಪ್ಪಿದವರು. ನೀವು ಅನ್ರಿ,” ಎಂದರು ವಿಶ್ವರಾಧ್ಯರು. ಅವರ ದನಿ ಈಗ ಬೇಡುವ ದನಿಯಾಗಿತ್ತು.

ರಾಧಿಕಾ ಎದ್ದು ಇಂಗ್ಲಿಷಿನಲ್ಲಿ ಶುರು ಮಾಡಿದಳು. “ನನಗ ತಿಳಿಯೋಹಂಗ ಅನ್ರಿ,” ಎಂದು ಸಾಯಬಮ್ಮ ತಡೆದಳು. ರಾಧಿಕಾಳ ಮುಖ ಕೆಂಪೇರಿತು. ಆ ಮೆಸೇಜಿನ ಪ್ರತಿ ಪದವನ್ನೂ ಓದಿದ್ದಳು. ಆದರೆ ಆ ದಿನ ಅಲ್ಲಿ ಇದ್ದವಳಲ್ಲ, ಇದ್ದವರನ್ನು ಕೇಳಿದವಳೂ ಅಲ್ಲ. “ನಾ ಅವತ್ತು ರಜಾ ಇದ್ದೆ. ನನಗ ಗೊತ್ತಿಲ್ರಿ,” ಎಂದು ಹಲ್ಲು ಕಚ್ಚಿ ಹೇಳಿ ಕೂತಳು. ಕೂಡುವಾಗ ತರನ್ನುಮಳ ಕಡೆ ನೋಡಿದ ನೋಟದಲ್ಲಿ ವಿಷವಿತ್ತು.

ಸಾಯಬಮ್ಮನ ಕೆಲಸ ಉಳಿಯಿತು. ಅವಳನ್ನು ತೆಗೆಯಲು ವಿಶ್ವರಾಧ್ಯರ ಕೈಯಲ್ಲಿ ಒಂದು ಹೌದು ಕೂಡ ಉಳಿದಿರಲಿಲ್ಲ. ಉಳಿದದ್ದು ತರನ್ನುಮಳ ಮೇಲಿನ ಸಿಟ್ಟು. “ನಿಮ್ಮ ಬ್ಯಾಗು ತಗೊಂಡು ನಡೀರಿ. ನಾಳಿಂದ ಬರಬ್ಯಾಡ್ರಿ,” ಎಂದರು.

ಗೇಟಿನಲ್ಲಿ ಸಾಯಬಮ್ಮ ಅಡ್ಡ ನಿಂತಳು. ಒಂದು ಒಳ್ಳೆಯ ಮಾತು ಅನ್ನುತ್ತಾಳೆ ಎಂದು ತರನ್ನುಮ ಒಂದು ಗಳಿಗೆ ಆಸೆಪಟ್ಟದ್ದು ನಿಜ.

“ನಾ ನಿಮಗ ಕೈ ಮುಗದು ಕೇಳಿದ್ದಿಲ್ಲ,” ಎಂದಳು ಸಾಯಬಮ್ಮ. “ಸಾಹೇಬ್ರ ಮ್ಯಾಲಿನ ನಿಮ್ ಸಿಟ್ಟು ನನ್ ಹೆಸರಿನ್ಯಾಗ ತೀರಿಸಿಕೊಂಡ್ರಿ. ನೀವು ಹೋಗ್ತೀರಿ. ಇವರೆಲ್ಲಾರ ಮಾರಿ ದಿನಾ ನೋಡಾಕಿ ನಾ.” ಹಾಗೆಂದು ಗೇಟು ತೆಗೆದಳು. ತರನ್ನುಮ ಹೊರಗೆ ಹೋದ ಮೇಲೆ ಚಿಲಕ ಹಾಕಿದಳು.

ಆ ಮಾತು ಸುಳ್ಳಲ್ಲ ಎಂಬುದೇ ತರನ್ನುಮಳಿಗೆ ಹೆಚ್ಚು ಚುಚ್ಚಿತು. ಮನೆಗೆ ಬಂದು ಅಪ್ಪನ ಮಷೀನಿನ ಪಕ್ಕ ಕೂತು ಗುಂಡಿ ಹಚ್ಚತೊಡಗಿದಳು. ಇಳಿಹೊತ್ತಿನ ಅಸರ್ ನಮಾಜಿನ ಸಮಯಕ್ಕೆ ಫೋನು ಟಿಣ್ ಎಂದಿತು. ಗ್ರೂಪಿನಿಂದ ಅವಳನ್ನು ಇನ್ನೂ ತೆಗೆದಿರಲಿಲ್ಲ. ಅವಳೂ ನೋಡಲಿ ಎಂದೇ ಇರಬೇಕು. ಮಿಸ್ ತರನ್ನುಮಳನ್ನು ಅಶಿಸ್ತಿಗಾಗಿ ಕೆಲಸದಿಂದ ತೆಗೆಯಲಾಗಿದೆ, ಸಿಬ್ಬಂದಿಯೆಲ್ಲ ಒಪ್ಪಿಗೆ ತಿಳಿಸಬೇಕು.

ಗ್ರೂಪು ಉಸಿರು ಹಿಡಿದು ಕೂತಿತು. ಗುರಣ್ಣ ಬರೆಯುತ್ತಿದ್ದಾನೆ ಎಂದು ತೋರಿಸಿ ನಿಂತಿತು. ಗಯಾಸ ಬರೆಯುತ್ತಿದ್ದಾನೆ; ನಿಂತಿತು. ಮೊದಲ ಸಾಲು ಹಾಕುವವರಿಲ್ಲ. ಯಾವ ಇಂಗ್ಲಿಷಿನಲ್ಲಿ ಹೂಂ ಅನ್ನಬೇಕೆಂದು ಯಾರಿಗೂ ಗೊತ್ತಿಲ್ಲ. ತರನ್ನುಮ ನೋಡುತ್ತಲೇ ಇದ್ದಳು. ಇಷ್ಟು ದಿನ ಕಲಿಸಿದವಳು ತಾನು. ಕಡೆಯ ಪಾಠವನ್ನೂ ತಾನೇ ಕಲಿಸಿದರಾಯಿತು. ಗುಂಡಿಯ ಸೂಜಿಯನ್ನು ದುಪಟ್ಟಾಕ್ಕೆ ಚುಚ್ಚಿ, ಒಂದೇ ಬೆರಳಲ್ಲಿ ಒತ್ತಿದಳು.

‘ಓಕೆ’.

ಅರೆಗಳಿಗೆ ಕಳೆಯಿತು. ಗುರಣ್ಣ: ‘ಓಕೆ’. ಗಯಾಸ: ‘ಓಕೆ’. ದೇವಕಮ್ಮ: ‘ಓಕೆ’. ಒಂದರ ಹಿಂದೆ ಒಂದು, ಸರ್ ಇಲ್ಲ, ರೆಸ್ಪೆಕ್ಟೆಡ್ ಇಲ್ಲ, ಆಟೋದವನಿಗೆ ಅಂದಂತೆ. ವಿಶ್ವರಾಧ್ಯರ ಮುಖ ಹೇಗಾಗಿರಬಹುದೆಂದು ನೆನೆದು ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಅದರ ಅರ್ಥ ಎದೆಗೆ ನಾಟಿತು. ತನ್ನನ್ನು ಕೆಲಸದಿಂದ ತೆಗೆದದ್ದಕ್ಕೆ ಇವರೆಲ್ಲ ಓಕೆ ಅನ್ನುತ್ತಿದ್ದಾರೆ. ಜೊತೆಗೆ ಉಂಡವರು, ಚಹಾ ಹಂಚಿಕೊಂಡವರು. ಇವತ್ತು ಬೆಳಗ್ಗೆ ಅಷ್ಟೆಲ್ಲ ಆದ ಮೇಲೂ ಒಬ್ಬರೂ ಓದಲಿಲ್ಲ, ಅಥವಾ ಓದಿಯೂ ಅಂದರು. ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ತಿಳಿಯಲಿಲ್ಲ. ಕಣ್ಣು ತುಂಬಿ ಬಂತು.

ಇನ್ನು ರಾಧಿಕಾಳದೊಂದು ಬಾಕಿ. ಅವಳದು ಎಲ್ಲರಿಗಿಂತ ಎತ್ತರದ ಒಪ್ಪಿಗೆಯಾಗಿರುತ್ತದೆ, ಹಬ್ಬದ ಅಡುಗೆಯಂತೆ ಬಡಿಸುತ್ತಾಳೆ ಎಂದು ತರನ್ನುಮ ಕಾದಳು. ಬಿತ್ತು. ಕಾಪಿ ಹೊಡೆಯದ ರಾಧಿಕಾ ಈ ಸಲ ಕಾಪಿ ಹೊಡೆದಿದ್ದಳು. ತರನ್ನುಮಳ ನಿನ್ನೆಯ ಸಾಲನ್ನೇ. ಮುಂದಿನ ಮಾನ್ಯ, ವಿನಮ್ರ, ಅತ್ಯುನ್ನತ ಗೌರವವನ್ನೆಲ್ಲ ಕತ್ತರಿಸಿ ಒಗೆದು, ಬಾಲವೊಂದನ್ನು ಇಟ್ಟಿದ್ದಳು.

‘ಐ ಆಮ್ ಅನೇಬಲ್ ಟು ಅಗ್ರೀ’.

ತರನ್ನುಮ ಅದನ್ನು ಮತ್ತೆ ಮತ್ತೆ ಓದುವಷ್ಟರಲ್ಲಿ ಅವಳೊಬ್ಬಳಿಗೇ ಒಂದು ಮೆಸೇಜು ಬಂತು, ಕನ್ನಡದಲ್ಲಿ.

‘ಖುಷಿಪಡಬ್ಯಾಡ. ನಿನ್ನ ಮ್ಯಾಲಿನ ಪ್ರೀತಿಗಲ್ಲ. ಇವತ್ತ ಆ ಮುದುಕಿ ಮುಂದ ನನ್ನ ಬಾಯಿ ಕಟ್ಟಿಸೀದಿ, ಅದನ್ನ ನಾ ಮರೆಯಾಕಿ ಅಲ್ಲ. ಆದ್ರ ಈ ಊರಾಗ ಜಗಳಾಡಾಕರ ಓದಿ ತಿಳಕೊಳ್ಳೋರು ಒಬ್ಬರು ಬೇಕು. ನಾಳಿ ನಾನೂ ಬ್ಯಾಗು ತಗೊಂಡು ಬರ್ತೀನೇನೋ. ಸುರಪುರದಾಗ ಒಂದು ಸ್ಕೂಲಿನಾಗ ಎರಡು ಜಾಗಾ ಖಾಲಿ ಅವ. ಬಂದ್ರ ಬಾ. ಬೆಂಚಿನ ಆ ತುದಿ ನಿಂದು, ಈ ತುದಿ ನಂದು.’

ತರನ್ನುಮ ಮೂಗು ಒರೆಸಿಕೊಂಡಳು. ‘ಹೌದ್ರಿ ಮೇಡಂ’ ಎಂದು ಬರೆದಳು. ಅಳಿಸಿದಳು. ‘ಆತ್ರಿ’ ಎಂದು ಬರೆದಳು, ಅದನ್ನೂ ಅಳಿಸಿದಳು. ಆಮೇಲೆ ಓರಗೆಯವಳಿಗೆ ಅನ್ನುವಂತೆ ‘ಹೂಂ’ ಎಂದು ಕಳಿಸಿ, ದುಪಟ್ಟಾದಿಂದ ಸೂಜಿ ಕಿತ್ತು ಉಳಿದ ಗುಂಡಿ ಹಚ್ಚಲು ಕೂತಳು.